ಲಿಂಕ್ ಬಿದ್ದು ಏಳ್ತಾನೇ ಇದೆ: ಡ್ಯಾಂಪನಿಂಗ್ ಹಾಕಿದವರು ಅನುಭವ ಹೇಳಿ

ಕೇಳಿದವರು: ಎರಡು ರೂಟರ್ ನಡುವೆ ಗಿಗಾಬಿಟ್ ತಾಮ್ರದ ಲಿಂಕ್ ಇದೆ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಬೀಳುತ್ತದೆ. ಬಿದ್ದರೆ ಮೂರ್ನಾಲ್ಕು ಸಲ ಒಟ್ಟೊಟ್ಟಿಗೆ. ಪ್ರತಿ ಸಲ ಓಎಸ್‌ಪಿಎಫ್ (ರೂಟರುಗಳು ಒಂದಕ್ಕೊಂದು ದಾರಿ ತಿಳಿಸಿಕೊಳ್ಳುವ ಪ್ರೋಟೋಕಾಲ್) ನೇಬರ್ ಹೋಗಿ ಬರುತ್ತದೆ. ಬ್ಯಾಕಪ್ ಲಿಂಕ್ ಗಟ್ಟಿಯಾಗಿದೆ. ಡ್ಯಾಂಪನಿಂಗ್ (ಪದೇ ಪದೇ ಬೀಳುವ ಲಿಂಕನ್ನು ರೂಟರ್ ತಾನೇ ಸ್ವಲ್ಪ ಹೊತ್ತು ಬದಿಗಿಡುವ ವ್ಯವಸ್ಥೆ) ಹಾಕಲೋ, ಕೇಬಲ್ ಬದಲಿಸಲೋ?

ರಾತ್ರಿಪಾಳಿ: ಡ್ಯಾಂಪನಿಂಗ್ ಹಾಕಿ ಸರ್. ಆದರೆ ಡೀಫಾಲ್ಟ್ ಅಂಕಿ ನಂಬಬೇಡಿ. ನಾನು ನಂಬಿ ಮೂರು ವಾರ ಕಳೆದುಕೊಂಡೆ. ನಮ್ಮ ರೂಟರಿನಲ್ಲಿ ಒಂದು ಸಲ ಬಿದ್ದರೆ 1000 ಪೆನಾಲ್ಟಿ, ಅದು ಅರ್ಧಕ್ಕೆ ಇಳಿಯುವ ಹಾಫ್‌ಲೈಫ್ 5 ಸೆಕೆಂಡ್, ದಾಟಿದರೆ ಲಿಂಕ್ ಬದಿಗೆ ಸರಿಯುವ ಸಪ್ರೆಸ್ ಮಿತಿ 2000. ಲಿಂಕ್ 10 ಸೆಕೆಂಡಿಗೊಮ್ಮೆ ಬೀಳುತ್ತಿತ್ತು. ಅಷ್ಟರಲ್ಲಿ 1000 ಇಳಿದು 250. ಮತ್ತೆ ಬಿದ್ದರೆ 1250. ಅದು ಇಳಿದು 312, ಬಿದ್ದರೆ 1312. ರಾತ್ರಿಯಿಡೀ ಬಿದ್ದರೂ 1333 ದಾಟುವುದೇ ಇಲ್ಲ! ಹಾಫ್‌ಲೈಫ್ 30 ಮಾಡಿದೆ. ಮೂರನೇ ಸಲಕ್ಕೇ 2400 ದಾಟಿ ಇಂಟರ್‌ಫೇಸ್ ಬದಿಗೆ ಸರಿಯಿತು. ಬೀಳುವುದು ನಿಂತ 38 ಸೆಕೆಂಡಿಗೆ ಪೆನಾಲ್ಟಿ ರೀಯೂಸ್ ಮಿತಿ (ಮತ್ತೆ ಬಳಕೆಗೆ ಬರುವ ಅಂಕಿ) 1000ಕ್ಕೆ ಇಳಿದು ತಾನೇ ವಾಪಸ್ ಬಂತು. ಆಮೇಲೆ ಒಂದು ದೂರೂ ಇಲ್ಲ.

ಪ್ಯಾಚ್‌ಕಾರ್ಡ್: ಇದೇ ಮಾತು ಕೇಳಿ ನಾನು ಕೆಟ್ಟೆ. ದೂರು ನಿಂತಿತು, ಎಲ್ಲರೂ ಮರೆತರು. ಎರಡು ತಿಂಗಳಿಗೆ ಬ್ಯಾಕಪ್ ಬಿತ್ತು, ಆಗ ಈ ಲಿಂಕೂ ಕೈಕೊಟ್ಟಿತು. ಹನ್ನೊಂದು ರಾತ್ರಿ ನಿದ್ದೆಯಿಲ್ಲ. ಪೋರ್ಟ್ ಬದಲಿಸಿದೆ, ಲೈನ್ ಕಾರ್ಡ್ ಬದಲಿಸಿದೆ, ಕೊನೆಗೆ ಇಡೀ ರೂಟರ್. ಸಿಆರ್‌ಸಿ (ಕೆಟ್ಟು ಬಂದ ಫ್ರೇಮ್‌ಗಳ) ಎಣಿಕೆ ಸೊನ್ನೆ. ಹನ್ನೆರಡನೇ ರಾತ್ರಿ ರ‍್ಯಾಕ್ ಮುಂದೆಯೇ ಕೂತೆ. ಯಾರೋ ಬಂದು ರ‍್ಯಾಕಿನ ಬಾಗಿಲು ಹಾಕಿದರು, ಲಿಂಕ್ ಬಿತ್ತು. ಟಾರ್ಚ್ ಬಿಟ್ಟು ನೋಡಿದರೆ ಪ್ಲಗ್‌ನ ಪ್ಲಾಸ್ಟಿಕ್ ನಾಲಿಗೆ ಮುರಿದಿದೆ. ಬಾಗಿಲು ಕೇಬಲ್‌ಗೆ ಒತ್ತಿದಾಗ ಪ್ಲಗ್ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ, ಹಸಿರು ದೀಪ ಆರುತ್ತದೆ. ಬೆರಳಲ್ಲಿ ಒತ್ತಿದರೆ ಹತ್ತುತ್ತದೆ. ಎರಡು ಮೊಳದ ಪ್ಯಾಚ್ ಕಾರ್ಡ್‌ಗೆ ಒಂದು ರೂಟರ್ ಬದಲಾಯಿತು. ಗಾಯಕ್ಕೆ ಬಟ್ಟೆ ಹೊದೆಸುವ ಕೆಲಸ ಈ ಡ್ಯಾಂಪನಿಂಗ್.

ರಾತ್ರಿಪಾಳಿ: ಡ್ಯಾಂಪನಿಂಗ್ ಹಾಕಿದ್ದೀನಿ ಅಂತ ಲಾಗ್ ನೋಡೋದು ಬಿಟ್ಟಿದ್ದು ನೀವು. ಅದಕ್ಕೆ ಡ್ಯಾಂಪನಿಂಗ್ ಬೈದರೆ ಹೇಗೆ?

ಹಳೇಹಬ್: ಇಷ್ಟೆಲ್ಲ ಯಾಕೆ? ಎರಡೂ ಕಡೆ ಆಟೋ (ಎರಡು ಸಾಧನಗಳೇ ಮಾತಾಡಿಕೊಂಡು ಹೊಂದಿಸಿಕೊಳ್ಳುವುದು) ತೆಗೆದು ಸ್ಪೀಡ್, ಡುಪ್ಲೆಕ್ಸ್ (ಒಟ್ಟಿಗೇ ಕಳಿಸಿ ಪಡೆಯುವ ಫುಲ್, ಸರದಿಯಲ್ಲಿ ಮಾಡುವ ಹಾಫ್) ಕೈಯಾರೆ ಕೊಡಿ. ನಾನು ಇಪ್ಪತ್ತು ವರ್ಷದಿಂದ ಹಾಗೇ ಮಾಡಿಕೊಂಡು ಬಂದಿದ್ದೇನೆ.

ನಾಲ್ಕುಜೋಡಿ: ದಯವಿಟ್ಟು ಬೇಡ. ಅದು 100 ಮೆಗಾಬಿಟ್ ಕಾಲದ ಮಾತು. ಗಿಗಾಬಿಟ್ ತಾಮ್ರಕ್ಕೆ ಆಟೋ ಬೇಕೇ ಬೇಕು, ಯಾವ ಕಡೆಯ ಕ್ಲಾಕ್‌ಗೆ ಇನ್ನೊಂದು ಕಡೆ ಹೊಂದಿಕೊಳ್ಳಬೇಕು ಅನ್ನೋದೂ ಅದರಲ್ಲೇ ತೀರ್ಮಾನ ಆಗೋದು. ಒಬ್ಬರು ಒಂದು ಕಡೆ ಮಾತ್ರ 100 ಫುಲ್ ಹಾಕಿ ಹೋಗಿದ್ದರು. ಇನ್ನೊಂದು ಕಡೆ ಹಾಫ್‌ಗೆ ಇಳಿದಿತ್ತು. ಹಾಫ್ ಕಡೆ ಲೇಟ್ ಕೊಲಿಷನ್ (ತಡವಾಗಿ ಆಗುವ ಡಿಕ್ಕಿ), ಫುಲ್ ಕಡೆ ಸಿಆರ್‌ಸಿ. ನನ್ನ ಇಡೀ ಭಾನುವಾರ ಅದಕ್ಕೇ ಹೋಯಿತು.

ಹಳೇಹಬ್: ಅವರಿಗೆ ಎರಡೂ ಕಡೆ ಹಾಕಲು ಬರಲಿಲ್ಲ ಅಂದರೆ ನನ್ನ ತಪ್ಪಾ? ನನ್ನ ಲಿಂಕ್ ಒಂದೂ ಬಿದ್ದಿಲ್ಲ.

ಗಡಿರೂಟರ್: ಡ್ಯಾಂಪನಿಂಗ್ ಅಂದರೇ ನನಗೆ ಮೈ ಉರಿಯುತ್ತದೆ. ಬಿಜಿಪಿಯಲ್ಲಿ (ನೆಟ್‌ವರ್ಕ್‌ಗಳ ನಡುವೆ ರೂಟ್ ಹಂಚುವ ಪ್ರೋಟೋಕಾಲ್) ಹಾಕಿದ್ದೆ. ಹಾಫ್‌ಲೈಫ್ 15 ನಿಮಿಷ, ಸಪ್ರೆಸ್ 2000, ರೀಯೂಸ್ 750. ಲಿಂಕ್ ಒಂದು ನಿಮಿಷದಲ್ಲಿ ಆರು ಸಲ ಬಿತ್ತು, ಆಮೇಲೆ ಸರಿಹೋಯಿತು. ರೂಟ್ ಮಾತ್ರ ಹತ್ತಿರ ಹತ್ತಿರ ಮುಕ್ಕಾಲು ಗಂಟೆ ಬರಲಿಲ್ಲ. 6000 ಇಳಿದು 750 ಆಗಲು ಮೂರು ಹಾಫ್‌ಲೈಫ್ ಬೇಕಲ್ಲ! ಆ ಮುಕ್ಕಾಲು ಗಂಟೆ ಫೋನ್ ಕಿವಿಯಿಂದ ಇಳಿಸಲಿಲ್ಲ ನಾನು. 2006ರಲ್ಲೇ ರೈಪ್‌ನವರು (ಯುರೋಪಿನ ನೆಟ್‌ವರ್ಕ್ ನಿರ್ವಾಹಕರ ವೇದಿಕೆ) ಇದನ್ನು ಹಾಕಬೇಡಿ ಅಂದಿದ್ದರು. 2014ರ ಆರ್‌ಎಫ್‌ಸಿ 7196 (ಇಂಟರ್ನೆಟ್ ತಾಂತ್ರಿಕ ದಾಖಲೆ) ಸಪ್ರೆಸ್ ಮಿತಿ ಕಡೇಪಕ್ಷ 6000 ಇರಲಿ ಅನ್ನುತ್ತದೆ. ನಾನು ಓದಿದ್ದು ಪೆಟ್ಟು ತಿಂದ ಮೇಲೆ.

ರಾತ್ರಿಪಾಳಿ: ಅದು ರೂಟ್ ಡ್ಯಾಂಪನಿಂಗ್. ಇಲ್ಲಿ ಕೇಳುತ್ತಿರೋದು ಇಂಟರ್‌ಫೇಸ್‌ದು. ಎರಡನ್ನೂ ಯಾಕೆ ಕಲಸ್ತೀರಿ?

ಗಡಿರೂಟರ್: ಲೆಕ್ಕ ಎರಡರಲ್ಲೂ ಒಂದೇ ಅಲ್ವಾ? ನಿಮಗೆ ಸೆಕೆಂಡಿನಲ್ಲಿ ಬಂದ ಪೆಟ್ಟು ನನಗೆ ನಿಮಿಷದಲ್ಲಿ ಬಂತು.

ಕಾದುನೋಡು: ನಾನು ಕ್ಯಾರಿಯರ್ ಡಿಲೇ (ಲಿಂಕ್ ಬಿದ್ದ, ಎದ್ದ ಸುದ್ದಿಗೆ ರೂಟರ್ ಸ್ವಲ್ಪ ಕಾದು ಸ್ಪಂದಿಸುವ ಸೆಟ್ಟಿಂಗ್) ಹಾಕಿದೆ. ಮೊದಲು ತಿಳಿಯದೆ ಬೀಳುವ ಕಡೆಗೂ 3 ಸೆಕೆಂಡ್ ಕೊಟ್ಟೆ. ಲಿಂಕ್ ಸತ್ತಿದ್ದರೂ ರೂಟರ್ 3 ಸೆಕೆಂಡ್ ಅದರೊಳಗೇ ಪ್ಯಾಕೆಟ್ ಸುರಿಯಿತು. ಬ್ಯಾಕಪ್ ಇದ್ದೂ ಕರೆಗಳು ಕಟ್ ಆದವು. ಈಗ ಡೌನ್‌ಗೆ ಸೊನ್ನೆ, ಅಪ್‌ಗೆ 30 ಸೆಕೆಂಡ್. ಬಿದ್ದರೆ ತಕ್ಷಣ ಬ್ಯಾಕಪ್ಪಿಗೆ ಹೋಗುತ್ತದೆ, ವಾಪಸ್ ಬರಲು ಮಾತ್ರ ಕಾಯುತ್ತದೆ.

ಕೇಳಿದವರು: ಟ್ರಾಫಿಕ್ ಬ್ಯಾಕಪ್ಪಿಗೆ ತಿರುಗಿಸಿ ಕೇಬಲ್ ಟೆಸ್ಟ್ ಓಡಿಸಿದೆ. ಸುಮ್ನೆ ಬಿಟ್ಟರೆ ನಾಲ್ಕೂ ಜೋಡಿ ತಂತಿ ಸರಿ. ಕೇಬಲ್ ಅಲುಗಾಡಿಸಿದರೆ ನಾಲ್ಕನೇ ಜೋಡಿ 3 ಮೀಟರಿಗೇ ಓಪನ್ (ಸಂಪರ್ಕ ಇಲ್ಲ). ಅಲ್ಲಿರೋದು ಪ್ಯಾಚ್ ಪ್ಯಾನೆಲ್. ನಾಳೆ ತಂತಿ ಮತ್ತೆ ಪಂಚ್ (ಒತ್ತಿ ಕೂರಿಸುವುದು) ಮಾಡಿಸುತ್ತೇನೆ. ಅಲ್ಲಿವರೆಗೆ ಹಾಫ್‌ಲೈಫ್ 30.

ಪ್ಯಾಚ್‌ಕಾರ್ಡ್: ಪಂಚ್ ಆದ ಮೇಲೆ ಬಾಗಿಲು ಹಾಕಿ ಇನ್ನೊಮ್ಮೆ ಟೆಸ್ಟ್ ಮಾಡಿ. ಡ್ಯಾಂಪನಿಂಗ್ ತೆಗೆದು ನೋಡಿ.

ಹಳೇಹಬ್: ನನ್ನ ಎಂಟು ಲಿಂಕ್ ಈಗ ನೋಡಿ ಬಂದೆ. ಆಟೋ ಇಲ್ಲದೆ ಎಂಟೂ 1000 ಫುಲ್.

ನಾಲ್ಕುಜೋಡಿ: ಸ್ಪೀಡ್ 1000 ಅಂತ ಬರೆದರೂ ಎಷ್ಟೋ ಸಾಧನಗಳಲ್ಲಿ ಒಳಗೆ ಆಟೋ ನಡೆಯುತ್ತಲೇ ಇರುತ್ತದೆ. ಎದುರಿನವರಿಗೆ 1000 ಒಂದನ್ನೇ ಹೇಳುತ್ತದೆ, ಅಷ್ಟೇ.

ಹಳೇಹಬ್: ಕಾನ್ಫಿಗ್‌ನಲ್ಲಿ ಆಟೋ ಅನ್ನೋ ಪದವೇ ಇಲ್ಲ. ನನ್ನ ಮಟ್ಟಿಗೆ ಆಟೋ ಇಲ್ಲ.