ಕ್ಯಾಮೆರಾ ಹಿಡಿದು ಮುಳುಗಿದರೆ ಎಲ್ಲಾ ನೀಲಿ! ಏನು ಮಾಡಲಿ?

ಉಪ್ಪುನೀರು:

ಎಲ್ಲರಿಗೂ ನಮಸ್ಕಾರ. ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿ ನಾಲ್ಕು ತಿಂಗಳಾಯಿತು. ಲಾಗ್‌ಬುಕ್‌ನಲ್ಲಿ ಇದುವರೆಗೆ 11 ಡೈವ್. ಹವಳದ ದಿಬ್ಬದ ಹುಚ್ಚು ಹಿಡಿದುಬಿಟ್ಟಿದೆ. ರಾತ್ರಿ ಕಣ್ಣು ಮುಚ್ಚಿದರೂ ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್‌ನ ಉಸಿರಿನ ಸದ್ದೇ ಕಿವಿಯಲ್ಲಿ.

ಕೊನೆಯ ಮೂರು ಡೈವ್‌ಗೆ ಒಂದು ಆಕ್ಷನ್ ಕ್ಯಾಮೆರಾ ತೆಗೆದುಕೊಂಡು ಹೋಗಿದ್ದೆ. 412 ಫೋಟೋ ಬಂದವು. ಮೇಲೆ ಬಂದು ನೋಡಿದರೆ ಎಲ್ಲಾ ನೀಲಿ. ಮೀನು ನೀಲಿ, ಹವಳ ನೀಲಿ, ನನ್ನ ಬಡ್ಡಿಯ (ಜೊತೆಗೆ ಮುಳುಗುವ ಸಂಗಾತಿಯ) ಮುಖವೂ ನೀಲಿ. 16 ಮೀಟರ್ ಆಳದಲ್ಲಿ ಬೀಸಣಿಗೆ ಹಾಗೆ ಹರಡಿಕೊಂಡ ದೊಡ್ಡ ಸೀ ಫ್ಯಾನ್ ಹವಳ ಇತ್ತು. ಗೈಡ್ ಟಾರ್ಚ್ ಬಿಟ್ಟಾಗ ಕೆಂಡದ ಹಾಗೆ ಹೊಳೆಯಿತು. ನನ್ನ ಫೋಟೋದಲ್ಲಿ ಅದು ಒಣಗಿದ ಪೊದೆ.

ಹೊಟ್ಟೆ ಉರಿದಿದ್ದು ಮಾತ್ರ ಬೇರೆ ವಿಷಯಕ್ಕೆ. ನಾನು ಸ್ಕ್ರೀನ್ ನೋಡುತ್ತಾ ಇದ್ದಾಗ ನನ್ನ ತಲೆಯ ಮೇಲೇ ಆಮೆ ಹೋಯಿತಂತೆ. ದೋಣಿಯಲ್ಲಿ ಎಲ್ಲರಿಗೂ ಅದರದೇ ಮಾತು. ನಾನೊಬ್ಬಳು ಸುಮ್ನೆ ಟವೆಲ್ ಹಿಂಡುತ್ತಾ ಕೂತಿದ್ದೆ. ಗಾಳಿಯೂ ಮೊದಲು ಮುಗಿಯುವುದು ನನ್ನದೇ. 35 ನಿಮಿಷಕ್ಕೆ ಸಿಲಿಂಡರ್‌ನ ಒತ್ತಡ ತೋರಿಸುವ ಗೇಜ್ 50 ಬಾರ್‌ಗೆ ಬರುತ್ತದೆ. ಉಳಿದವರು ಆರಾಮಾಗಿ 55 ನಿಮಿಷ ಇರುತ್ತಾರೆ.

ಈಗ ಏನು ಮಾಡಲಿ? ಒಳ್ಳೆಯ ಕ್ಯಾಮೆರಾ ಕೊಳ್ಳಲೇ? ಲೈಟ್ ಕೊಳ್ಳಲೇ? ಅಥವಾ ಈ ಫೋಟೋದ ಆಸೆಯನ್ನೇ ಬಿಡಲೇ?

ಗುಳ್ಳೆ:

ಆಸೆ ಬಿಡಬೇಡಿ. ಸಮಸ್ಯೆ ಕ್ಯಾಮೆರಾದ್ದಲ್ಲ, ನೀರಿನದು. ನೀರು ಮೊದಲು ಕೆಂಪನ್ನು ನುಂಗುತ್ತದೆ. ಐದಾರು ಮೀಟರ್‌ಗೇ ಅದು ಮಂಕಾಗಿರುತ್ತದೆ. ಆಮೇಲೆ ಕಿತ್ತಳೆ, ಅದರ ಹಿಂದೆ ಹಳದಿ. ಕೊನೆಗೆ ಉಳಿಯುವುದು ನೀಲಿ ಮತ್ತು ಹಸಿರು.

ಸದ್ಯಕ್ಕೆ ಎರಡು ಕೆಲಸ ಮಾಡಿ. ಕ್ಯಾಮೆರಾದಲ್ಲಿ ರಾ ಫಾರ್ಮ್ಯಾಟ್ (ಸಂಸ್ಕರಿಸದ ಫೋಟೋ ಫೈಲ್) ಇದ್ದರೆ ಅದನ್ನೇ ಹಾಕಿ, ಆಮೇಲೆ ಬಣ್ಣ ಸರಿ ಮಾಡಿಕೊಳ್ಳಬಹುದು. ಮ್ಯಾನುಯಲ್ ವೈಟ್ ಬ್ಯಾಲೆನ್ಸ್ (ಯಾವುದು ಬಿಳಿ ಅಂತ ಕ್ಯಾಮೆರಾಗೆ ಹೇಳುವ ಸೆಟ್ಟಿಂಗ್) ಇದ್ದರೆ ಬಿಳಿ ಸ್ಲೇಟನ್ನೋ ಬಿಳಿ ಮರಳನ್ನೋ ತೋರಿಸಿ ಸೆಟ್ ಮಾಡಿ. ನಾಲ್ಕೈದು ಮೀಟರ್ ಆಳ ಬದಲಾದರೆ ಮತ್ತೆ ಮಾಡಬೇಕು, ಅದೊಂದು ಕಿರಿಕಿರಿ. ಕೆಂಪು ಫಿಲ್ಟರ್ ಕೂಡ ಬಿಸಿಲಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಲೈಟ್ ಬಳಸುವಾಗ ಫಿಲ್ಟರ್ ತೆಗೆದುಬಿಡಿ, ಇಲ್ಲದಿದ್ದರೆ ಎಲ್ಲಾ ಕುಂಕುಮದ ಬಣ್ಣ.

ಮುಂದೆ ಕೊಳ್ಳುವುದಾದರೆ ಒಲಿಂಪಸ್ ಟಿಜಿ ಥರದ ಪುಟ್ಟ ಕ್ಯಾಮೆರಾ ನೋಡಿ. ಟಿಜಿ-6 ಬರಿಮೈಯಲ್ಲೇ 15 ಮೀಟರ್ ಇಳಿಯುತ್ತದೆ, ಹೌಸಿಂಗ್ (ನೀರು ಸೋರದ ಹೊರಪೆಟ್ಟಿಗೆ) ಹಾಕಿದರೆ 45. ಸಣ್ಣ ಜೀವಿಗಳಿಗೆ ಅದರ ಮೈಕ್ರೋಸ್ಕೋಪ್ ಮೋಡ್ ಸಕತ್ತಾಗಿದೆ.

ಹಳೇ ಮುಳುಗ:

ಗುಳ್ಳೆ ಹೇಳಿದ್ದೆಲ್ಲಾ ಸರಿ. ಆದರೆ ಉಪ್ಪುನೀರು ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಆ 35 ನಿಮಿಷದಲ್ಲಿದೆ. ಬಣ್ಣದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಾಮೂಲಿ ಅಲ್ಯೂಮಿನಿಯಂ ಸಿಲಿಂಡರ್ 11 ಲೀಟರ್‌ನದು. 200 ಬಾರ್ ತುಂಬಿದರೆ ಸುಮಾರು 2,200 ಲೀಟರ್ ಗಾಳಿ. 10 ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟು, 20 ಮೀಟರ್‌ನಲ್ಲಿ ಮೂರರಷ್ಟು. ಪ್ರತಿ ಉಸಿರಿಗೂ ಅಷ್ಟೇ ಪಟ್ಟು ಗಾಳಿ ಖರ್ಚು. ಅದರ ಮೇಲೆ ನೀವು ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು, ಇನ್ನೊಂದು ಕೈಯಲ್ಲಿ ನೀರು ಬಡಿಯುತ್ತಾ, ಕಾಲಲ್ಲಿ ಸೈಕಲ್ ತುಳಿಯುತ್ತಾ ಇರುತ್ತೀರಿ. ನೋಡದೇ ಹೇಗೆ ಗೊತ್ತು ಅಂತೀರಾ? ನಾನೂ ಹಾಗೇ ಇದ್ದೆ.

ನನ್ನ 14ನೇ ಡೈವ್‌ಗೇ ಹೌಸಿಂಗ್, ಸ್ಟ್ರೋಬ್ (ನೀರೊಳಗಿನ ಫ್ಲಾಶ್) ಎಲ್ಲಾ ಕಟ್ಟಿಕೊಂಡು ಇಳಿದವನು ನಾನು. ಕವಲು ಹವಳದ ನಡುವೆ ಒಂದು ಪುಟ್ಟ ಏಡಿ ಕಂಡಿತು. ಬಗ್ಗಿದೆ. ಇನ್ನೂ ಸ್ವಲ್ಪ ಬಗ್ಗಿದೆ. ಉಸಿರು ಬಿಟ್ಟಾಗ ಮೈ ಕೆಳಗೆ ಇಳಿಯುತ್ತದೆ ಅನ್ನುವುದೇ ಮರೆತುಹೋಗಿತ್ತು. ಮೊಣಕೈ ತಗುಲಿತು. ನೀರೊಳಗೂ ಆ 'ಟಕ್' ಕೇಳಿಸಿತು. ಕೈಯುದ್ದದ ಕೊಂಬೆ ಮರಳಿನ ಮೇಲೆ ಬಿತ್ತು. ಆ ಜಾತಿಯ ಹವಳ ಬೇಗ ಬೆಳೆಯುವಂಥದ್ದು. ಆದರೂ ವರ್ಷಕ್ಕೆ ಹತ್ತು ಹದಿನೈದು ಸೆಂಟಿಮೀಟರ್ ಅಷ್ಟೇ. ಗುಂಡು ಹವಳವಾದರೆ ಒಂದು ಸೆಂಟಿಮೀಟರ್ ಬೆಳೆಯಲೂ ವರ್ಷ ಬೇಕು. ಗೈಡ್ ಬಂದು ಏನೂ ಸನ್ನೆ ಮಾಡಲಿಲ್ಲ. ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ತನ್ನ ಬಿಸಿಡಿಗೆ, ಅಂದರೆ ಗಾಳಿ ತುಂಬಿ ತೇಲುವ ಜಾಕೆಟ್‌ಗೆ, ಸಿಕ್ಕಿಸಿಕೊಂಡ. ದೋಣಿ ಹತ್ತಿದ ಮೇಲೆ ವಾಪಸ್ ಕೊಟ್ಟ, ಆಗಲೂ ಮಾತಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಏಡಿಯ ಫೋಟೋ ಚೆನ್ನಾಗಿ ಬಂದಿತ್ತು. ಇವತ್ತಿಗೂ ಯಾರಿಗೂ ತೋರಿಸಿಲ್ಲ.

ಹಾಗಾಗಿ ಮುಂದಿನ ಕೆಲವು ಡೈವ್ ಬರಿಗೈಯಲ್ಲಿ ಹೋಗಿ. ಒಂದು ಆಟ ಆಡಿ. ಮರಳಿನ ಜಾಗ ನೋಡಿಕೊಂಡು, ನೆಲದಿಂದ ಒಂದು ಮೀಟರ್ ಮೇಲೆ ಕೈ ಕಟ್ಟಿ ನಿಲ್ಲಿ. ಬಿಸಿಡಿ ಬಟನ್ ಮುಟ್ಟಬೇಡಿ, ಶ್ವಾಸಕೋಶವೇ ನಿಮ್ಮ ಲಿಫ್ಟ್. ಉಸಿರು ಎಳೆದ ತಕ್ಷಣ ಮೇಲೆ ಹೋಗುವುದಿಲ್ಲ, ಕೆಲವು ಸೆಕೆಂಡ್ ತಡ ಇರುತ್ತದೆ. ಆ ತಡ ಮೈಗೆ ಅಭ್ಯಾಸವಾಗಬೇಕು. ಕಾಲನ್ನು ಕಪ್ಪೆಯ ಹಾಗೆ ಪಕ್ಕಕ್ಕೆ ತಳ್ಳಿದರೆ ಮರಳು ಏಳುವುದಿಲ್ಲ. ಮೇಲೆ ಬರುವ ಮುಂಚಿನ ಕಡೆಯ ನಿಲುಗಡೆಯಾದ ಸೇಫ್ಟಿ ಸ್ಟಾಪ್‌ನಲ್ಲಿ, ಅಂದರೆ 5 ಮೀಟರ್‌ನಲ್ಲಿ ಮೂರು ನಿಮಿಷ, ಯಾವ ಹಗ್ಗವನ್ನೂ ಹಿಡಿಯದೇ ನಿಲ್ಲೋಕೆ ಬಂದರೆ ನೀವು ಪಾಸ್. ಖಾಲಿಯಾದ ಅಲ್ಯೂಮಿನಿಯಂ ಸಿಲಿಂಡರ್ ಹಗುರಾಗಿ ಮೇಲಕ್ಕೆ ಎಳೆಯುತ್ತದೆ, ಅಲ್ಲೇ ಎಲ್ಲರ ಬಣ್ಣ ಬಯಲಾಗುವುದು.

ಇನ್ನೊಂದು ಮಾತು, ಇದು ತಮಾಷೆಯಲ್ಲ. ಫೋಟೋ ಅಲುಗಬಾರದು ಅಂತ ಉಸಿರು ಹಿಡಿಯುವ ಚಟ ಬರುತ್ತದೆ. ಬರಗೊಡಬೇಡಿ. 10 ಮೀಟರ್‌ನಿಂದ ಮೇಲೆ ಬರುವಷ್ಟರಲ್ಲಿ ಗಾಳಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಹಿಡಿದು ಒಂದೆರಡು ಮೀಟರ್ ಮೇಲೇರಿದರೂ ಶ್ವಾಸಕೋಶಕ್ಕೆ ಏಟು ಬೀಳಬಹುದು. ನಿಧಾನಕ್ಕೆ ಬಿಡುತ್ತಾ ಕ್ಲಿಕ್ಕಿಸಿ.

ಈಗ ಬಣ್ಣ. ಬೆಳಕು ಮೇಲಿಂದ ನಿಮ್ಮ ಮೀನಿನ ತನಕ ನೀರಲ್ಲಿ ಬರಬೇಕು, ಅಲ್ಲಿಂದ ಲೆನ್ಸ್ ತನಕ ಮತ್ತೆ ನೀರಲ್ಲೇ ಬರಬೇಕು. ಎರಡು ಸಲ ಸುಂಕ. ಮೊದಲನೆಯದಕ್ಕೆ ಪರಿಹಾರ ಲೈಟ್. ಎರಡನೆಯದಕ್ಕೆ ಹತ್ತಿರ ಹೋಗುವುದು. ಅದೂ ಎಷ್ಟು ಹತ್ತಿರ? ಸಾಕಷ್ಟು ಹತ್ತಿರ ಬಂದೆ ಅನ್ನಿಸಿದ ಮೇಲೆ ಉಳಿದ ದೂರವನ್ನು ಇನ್ನೂ ಅರ್ಧ ಮಾಡಿ. ನೀರಿನಲ್ಲಿ ವಸ್ತುಗಳು ಕಾಲು ಭಾಗ ಹತ್ತಿರ ಕಾಣುತ್ತವೆ, ಕಣ್ಣು ಮೋಸ ಮಾಡುತ್ತದೆ. ಒಂದು ಸಲ ಸುಮಾರು 20 ಮೀಟರ್‌ನಲ್ಲಿ ಬೆರಳು ಗೀರಿಕೊಂಡೆ. ರಕ್ತ ಹಸಿರಾಗಿ ಬಂತು. ಗೊತ್ತಿದ್ದರೂ ಒಂದು ಕ್ಷಣ ಎದೆ ಧಸಕ್ಕೆಂದಿತು.

ಸಮಾಧಾನಕ್ಕೆ ಹೇಳುತ್ತೇನೆ, ನಿಮ್ಮ ತಲೆನೋವು ನೂರು ವರ್ಷ ಹಳೆಯದು. 1926ರಲ್ಲಿ ಫ್ಲಾರಿಡಾದ ಡ್ರೈ ಟಾರ್ಟುಗಾಸ್ ಬಳಿ ಲಾಂಗ್ಲಿ ಮತ್ತು ಮಾರ್ಟಿನ್ ಎಂಬಿಬ್ಬರು ನೀರೊಳಗಿನ ಮೊದಲ ಬಣ್ಣದ ಫೋಟೋಗಳನ್ನು ತೆಗೆದರು. ಬೆಳಕು ಸಾಲದೆ ನೀರಿನ ಮೇಲೆ ತೆಪ್ಪ ಬಿಟ್ಟು ಅದರಲ್ಲಿ ಮೆಗ್ನೀಸಿಯಂ ಪುಡಿ ಸಿಡಿಸುತ್ತಿದ್ದರು. ನಮ್ಮದು ಬರೀ ಬ್ಯಾಟರಿ ಚಾರ್ಜ್ ಮಾಡುವ ಕಷ್ಟ.

ಲೆನ್ಸ್‌ಪ್ರಿಯ:

ಮುಳುಗ ಸರ್, ಹೆದರಿಸಿಬಿಟ್ಟಿರಿ ಪಾಪ. ಬಾಯನ್ಸಿ, ಅಂದರೆ ಮುಳುಗದೆ ಏರದೆ ನೀರಲ್ಲಿ ನಿಲ್ಲುವ ಹಿಡಿತ, ಮೊದಲು ಅನ್ನುವುದಕ್ಕೆ ಎರಡು ಮಾತಿಲ್ಲ. ಆದರೆ ಕ್ಯಾಮೆರಾ ಇದ್ದರೆ ನೋಡುವುದು ತಪ್ಪಿಹೋಗುತ್ತದೆ ಅನ್ನುವ ಹಾಗೆ ಕೇಳಿಸುತ್ತಿದೆ. ನನಗೆ ಆಗಿದ್ದು ಉಲ್ಟಾ.

ಕ್ಯಾಮೆರಾ ಇಲ್ಲದಿದ್ದಾಗ ನಾನು ರೀಫ್ ಮೇಲೆ ಬಸ್ಸಿನಲ್ಲಿ ಹೋಗುವವನ ಹಾಗೆ ಹೋಗುತ್ತಿದ್ದೆ. ಮ್ಯಾಕ್ರೋ, ಅಂದರೆ ಸಣ್ಣ ಜೀವಿಗಳ ಹತ್ತಿರದ ಫೋಟೋ, ಶುರು ಮಾಡಿದ ಮೇಲೆ ನಿಂತೆ. ಇಂಡೋನೇಷ್ಯಾದ ಲೆಂಬೆಯಲ್ಲಿ ಒಂದು ಡೈವ್ ಪೂರ್ತಿ ಕಪ್ಪು ಮರಳಿನ ಮೇಲೆ ಕಳೆದಿದ್ದೇನೆ. ಮೊದಲು ನೋಡಿದಾಗ ಅಲ್ಲಿ ಏನೂ ಇಲ್ಲ. ಹತ್ತು ನಿಮಿಷ ಆದ ಮೇಲೆ ಒಂದು ಚೂರು ಕಸ ಅನ್ನಿಸಿದ್ದು ಕಪ್ಪೆಮೀನು ಅಂತ ಗೊತ್ತಾಗುತ್ತದೆ. ಅದು ಈಜುವುದಕ್ಕಿಂತ ನಡೆಯುವುದೇ ಜಾಸ್ತಿ!

ಪಿಗ್ಮಿ ಸಮುದ್ರಕುದುರೆಯ ಕಥೆ ಕೇಳಿ. ಎರಡು ಸೆಂಟಿಮೀಟರ್ ಉದ್ದದ ಜೀವಿ. ಸೀ ಫ್ಯಾನ್‌ನ ಮೊಗ್ಗುಗಳ ಹಾಗೇ ಮೈಮೇಲೆ ಗುಬುಟು, ಅದೇ ಬಣ್ಣ. 1969ರಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲಿ ಬಾರ್ಗಿಬಾಂಟ್ ಎಂಬ ವಿಜ್ಞಾನಿ ಮ್ಯೂಸಿಯಂಗೆ ಸೀ ಫ್ಯಾನ್ ಸಂಗ್ರಹಿಸಿ, ಅದನ್ನು ಪರೀಕ್ಷಿಸುವಾಗಷ್ಟೇ ಅದರ ಮೇಲೆ ಕುದುರೆಗಳಿವೆ ಅಂತ ಕಂಡಿತು. ಅಲ್ಲಿಯ ತನಕ ಲೋಕಕ್ಕೇ ಗೊತ್ತಿರಲಿಲ್ಲ. ನಾನು ಒಂದನ್ನು ಹುಡುಕಿ ಫೋಕಸ್ ಮಾಡಿದಾಗ ಅದು ಬೆನ್ನು ತಿರುಗಿಸಿತು. ಯಾವಾಗಲೂ ತಿರುಗಿಸುತ್ತದೆ. ಅದಕ್ಕೆ ರೆಪ್ಪೆ ಇಲ್ಲ, ಫ್ಲಾಶ್ ಬಡಿದರೆ ಕಣ್ಣು ಮುಚ್ಚಲಾರದು. ಎರಡು ಮೂರು ಫೋಟೋಗೆ ಸಾಕು ಮಾಡಿ ಹೊರಟುಬಿಡುವುದು ಮರ್ಯಾದೆ. ಕಡ್ಡಿಯಲ್ಲಿ ತಿವಿದು ತಿರುಗಿಸುವವರನ್ನೂ ನೋಡಿದ್ದೇನೆ. ಅವರ ಫೋಟೋ ಎಷ್ಟೇ ಚೆನ್ನಾಗಿರಲಿ, ನಾನು ಲೈಕ್ ಒತ್ತುವುದಿಲ್ಲ.

ಸ್ಟ್ರೋಬ್ ಕೊಂಡರೆ ಒಂದು ವಿಷಯ. ಲೆನ್ಸ್ ಪಕ್ಕದಲ್ಲೇ ಇಟ್ಟು ನೇರ ಬಿಟ್ಟರೆ ನೀರಿನ ಕಣಗಳೆಲ್ಲಾ ಹೊಳೆದು ಫೋಟೋದಲ್ಲಿ ಹಿಮ ಸುರಿದ ಹಾಗಿರುತ್ತದೆ. ಇದೇ ಬ್ಯಾಕ್‌ಸ್ಕ್ಯಾಟರ್. ತೋಳುಗಳನ್ನು ಅಗಲಿಸಿ, ಲೆನ್ಸ್‌ಗಿಂತ ಸ್ವಲ್ಪ ಹಿಂದೆ ಇಟ್ಟು, ತುಸು ಹೊರಮುಖ ಮಾಡಿ. ಬೆಳಕಿನ ನಡುಭಾಗ ಬೇಡ, ಅಂಚು ಸಾಕು.

ಹಳೇ ಮುಳುಗ:

ಲೆನ್ಸ್‌ಪ್ರಿಯ, ಒಪ್ಪಿದೆ. ನಾನು ಹೇಳಹೊರಟಿದ್ದೂ ನಿಲ್ಲುವುದರ ಬಗ್ಗೆಯೇ. ಆದರೆ ಮರಳಿನ ಮೇಲೆ ಮಲಗಿದರೂ ನಡೆಯುತ್ತದೆ, ಹವಳದ ಮೇಲೆ ನಡೆಯುವುದಿಲ್ಲ ಅಲ್ವಾ?

ನನ್ನ ಅತಿ ಒಳ್ಳೆಯ ಡೈವ್ 7 ಮೀಟರ್ ಆಳದ್ದು. 62 ನಿಮಿಷ, ಒಂದೇ ಅನೆಮೊನೆಯ (ಕಲ್ಲಿಗೆ ಅಂಟಿರುವ, ಹೂವಿನಂಥ ಕಡಲಜೀವಿಯ) ಮುಂದೆ. ಬಡ್ಡಿಗೂ ಕ್ಯಾಮೆರಾ ಹುಚ್ಚು, ಅದಕ್ಕೇ ಮದುವೆಯಾದೆ. ಅಲ್ಲಿ ಒಂದು ಕ್ಲೌನ್ ಮೀನಿನ ಸಂಸಾರ. ದೊಡ್ಡದು ಹೆಣ್ಣು, ಅದೇ ಯಜಮಾನಿ. ಅದು ಸತ್ತರೆ ಗಂಡನೇ ಹೆಣ್ಣಾಗಿ ಬದಲಾಗುತ್ತಾನೆ, ಮರಿಗಳಲ್ಲಿ ಹಿರಿಯ ಗಂಡಾಗುತ್ತಾನೆ. ಅನೆಮೊನೆಯ ಬುಡದ ಕಲ್ಲಿಗೆ ಮೊಟ್ಟೆಗಳು ಅಂಟಿಕೊಂಡಿದ್ದವು, ನೂರಾರು. ಪ್ರತಿಯೊಂದರಲ್ಲೂ ಬೆಳ್ಳಿ ಚುಕ್ಕಿಯ ಹಾಗೆ ಎರಡು ಕಣ್ಣು. ಅಂದರೆ ಒಡೆಯುವ ಕಾಲ ಹತ್ತಿರ. ಗಂಡು ಮೀನು ರೆಕ್ಕೆಯಲ್ಲಿ ಗಾಳಿ ಹಾಕುವ ಹಾಗೆ ನೀರು ಬೀಸುತ್ತದೆ, ಒಂದೊಂದನ್ನೂ ಬಾಯಲ್ಲಿ ಸವರುತ್ತದೆ, ಮತ್ತೆ ಬೀಸುತ್ತದೆ. ಮೊದಲ ಇಪ್ಪತ್ತು ನಿಮಿಷ ಯಜಮಾನಿ ಬಂದು ನನ್ನ ಮಾಸ್ಕ್‌ಗೆ ಗುದ್ದುತ್ತಿದ್ದಳು. ಆಮೇಲೆ ನನ್ನನ್ನು ಕಲ್ಲು ಅಂದುಕೊಂಡು ಬಿಟ್ಟಳು. ಫೋಟೋ ಬಂದಿದ್ದು ಆಮೇಲೆಯೇ.

ಮರೆತಿದ್ದೆ. ಹೌಸಿಂಗ್ ಕೊಂಡರೆ ಓ-ರಿಂಗ್ (ನೀರು ಒಳಗೆ ಬರದಂತೆ ತಡೆಯುವ ರಬ್ಬರ್ ಬಳೆ) ದಿನಾ ನೋಡಿ. ನನ್ನ ಮೊದಲ ಕ್ಯಾಮೆರಾ ಸತ್ತಿದ್ದು ಒಂದೇ ಒಂದು ಕೂದಲಿನಿಂದ, ಅದೂ ನನ್ನ ಗಡ್ಡದ್ದೇ. ರಾತ್ರಿ ನಿದ್ದೆಗಣ್ಣಲ್ಲಿ ಮುಚ್ಚಿದ್ದೆ. ಗ್ರೀಸ್ ತೆಳ್ಳಗೆ, ಹೊಳಪು ಬರುವಷ್ಟು ಮಾತ್ರ. ಜಾಸ್ತಿ ಹಚ್ಚಿದರೆ ಮರಳು ಅಂಟುತ್ತದೆ. ಮೊದಲ ಸಲ ಕ್ಯಾಮೆರಾ ಒಳಗಿಡದೆ ಖಾಲಿ ಹೌಸಿಂಗ್ ಮುಳುಗಿಸಿ ನೋಡಿ.

ಉಪ್ಪುನೀರು:

ಮೂರು ವಾರ ಆಯಿತು, ವರದಿ ಒಪ್ಪಿಸೋಣ ಅಂತ ಬಂದೆ.

ಐದು ಡೈವ್ ಬರಿಗೈಯಲ್ಲಿ ಹೋದೆ. ಮೊದಲ ದಿನ ಕೈ ಎಲ್ಲಿಡಬೇಕು ಅಂತಲೇ ಗೊತ್ತಾಗಲಿಲ್ಲ. ಮರಳಿನ ಆಟದಲ್ಲಿ ಮೂರು ಸಲ ಮಕಾಡೆ ಬಿದ್ದೆ, ಬಡ್ಡಿ ನಕ್ಕು ಮಾಸ್ಕ್‌ಗೆ ನೀರು ತುಂಬಿಸಿಕೊಂಡಳು. ಆದರೆ ನಾಲ್ಕನೆಯ ಡೈವ್‌ಗೆ 48 ನಿಮಿಷ! ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕವೂ 2 ಕೆಜಿ ಕಡಿಮೆ ಮಾಡಿಕೊಂಡೆ.

ಆ ಡೈವ್‌ನಲ್ಲೇ ಮರಳಿನ ತೂತಿನ ಬಾಯಲ್ಲಿ ಒಂದು ಗೋಬಿ ಮೀನು ಕಂಡಿತು. ಸುಮ್ನೆ ನಿಂತು ನೋಡಿದೆ. ಸ್ವಲ್ಪ ಹೊತ್ತಿಗೆ ಒಳಗಿಂದ ಸೀಗಡಿಯೊಂದು ಬುಲ್ಡೋಜರ್ ಹಾಗೆ ಮರಳು ತಳ್ಳುತ್ತಾ ಬಂತು. ಹೊರಗೆ ಬಂದಾಗೆಲ್ಲಾ ಅದರ ಒಂದು ಮೀಸೆ ಮೀನಿನ ಮೈಮೇಲೇ. ಗೈಡ್ ಆಮೇಲೆ ಹೇಳಿದರು, ಆ ಸೀಗಡಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವಂತೆ. ಅದು ಮನೆ ತೋಡುತ್ತದೆ, ಮೀನು ಕಾವಲು. ಅಪಾಯ ಬಂದರೆ ಮೀನು ಬಾಲ ಅಲುಗಿಸುತ್ತದೆ, ಇಬ್ಬರೂ ಒಳಗೆ. ಇಂಥ ತೂತುಗಳ ಮೇಲೆ ನಾನು ಮೊದಲ 11 ಡೈವ್‌ನಲ್ಲಿ ಎಷ್ಟು ಸಲ ಫಿನ್ ಬೀಸಿದ್ದೇನೋ.

ಆರನೆಯದಕ್ಕೆ ಅದೇ ಹಳೆಯ ಕ್ಯಾಮೆರಾ, ಜೊತೆಗೆ ಸಾಲ ತಂದ ಟಾರ್ಚ್. ಎರಡು ಮೀಟರ್ ದೂರದಿಂದ ಶುರು ಮಾಡಿ ಒಂದೊಂದೇ ಉಸಿರಿಗೆ ಮುಂದೆ ಹೋದೆ. ಹತ್ತಿರ ಹೋಗಿ ಅಂದಿರಲ್ಲ, ಹೋದೆ. ಬಾಲ ಅಲುಗಿತು, ಇಬ್ಬರೂ ಮಾಯ. ಒಟ್ಟು ಒಂಬತ್ತು ಫೋಟೋ. ಎಂಟರಲ್ಲಿ ಬರೀ ತೂತು. ಒಂದರಲ್ಲಿ ಅರ್ಧ ಮೀನು, ಒಂದು ಮೀಸೆ. ಆದರೆ ಮರಳು ಬಿಳಿಯಾಗಿದೆ, ಮೀನಿನ ಮೇಲಿನ ಕಿತ್ತಳೆ ಚುಕ್ಕಿ ಕಿತ್ತಳೆಯಾಗೇ ಇದೆ!

ಹಳೇ ಮುಳುಗ:

ಆ ಅರ್ಧ ಮೀನನ್ನು ಇಲ್ಲಿ ಹಾಕಿ, ನೋಡೋಣ. ಮುಂದಿನ ಸಲ ಟಾರ್ಚನ್ನು ನೇರ ಕಣ್ಣಿಗೆ ಬಿಡದೆ ಪಕ್ಕದಿಂದ ಬಿಡಿ. ಒಳಗೆ ಹೋದರೆ ಅಲ್ಲೇ ಕಾಯಿರಿ, ನಾಲ್ಕೈದು ನಿಮಿಷದಲ್ಲಿ ಸೀಗಡಿಗಿಂತ ಮೊದಲು ಮೀನು ಇಣುಕುತ್ತದೆ.