ಒಂಬತ್ತನೇ ಇಯತ್ತೆ ಹುಡುಗಿಯ ಮದುವಿ ಜಂಪರ್ ಹೊಲಿಯಾಕ ಬಂದಾವ, ಏನ್ ಮಾಡ್ಲಿ?

ನಮ್ಮದು ಸಿಂದಗಿ ತಾಲೂಕಿನ ಒಂದು ಹಳ್ಳಿರೀ. ಮನ್ಯಾಗ ಹೊಲಿಗಿ ಮಿಷನ್ ಇಟ್ಕೊಂಡೀನಿ. ಹೋದ ಸೋಮವಾರ ಬಾಜು ಓಣಿ ಅಕ್ಕಾರೊಬ್ರು ಐದು ಜಂಪರ್ ಪೀಸ್ ತಂದು, 500 ರೂಪಾಯಿ ಅಡ್ವಾನ್ಸ್ ಇಟ್ಟು, ಲಗೂನ ಬೇಕು ಅಂದ್ರು. ಅಳತಿ ಯಾರದು ಅಂದ್ರ ಮಗಳನ್ನ ಮುಂದ ನಿಲ್ಲಿಸಿದ್ರು. ನನ್ನ ಮಗಳ ಜೋಡಿನ ಒಂಬತ್ತನೇ ಇಯತ್ತೆಗೆ ಹೋಗೋ ಹುಡುಗಿ. ಅಳತಿ ತಗೊಳ್ಳುವಾಗ ಒಂದು ಮಾತಾಡಲಿಲ್ಲ, ಟೇಪ್ ನೋಡ್ಕೊಂತ ನಿಂತಿದ್ಲು. ಬಸವ ಜಯಂತಿ ದಿನ ಸೋದರಮಾವನ ಜೋಡಿ ಲಗ್ನ ಅಂತ ಆಮ್ಯಾಲೆ ನನ್ನ ಮಗಳು ಹೇಳಿದ್ಲು. ಇನ್ನೂ ಹದಿನೆಂಟು ದಿನ ಅದಾವ.

ಇಂಥಾದ್ದು ನಿಲ್ಲಿಸಿದವರು ಯಾರರ ಇದ್ರ ಹೇಳ್ರಿ. ನನಗ ಮೂರು ಅಂಜಿಕಿ. ನಾನ ಹೇಳಿದ್ದು ಅಂತ ಊರಿಗೆ ಗೊತ್ತಾದ್ರ ನನ್ನ ಕೆಲಸ ಮುಗೀತು. ಆಕಿ ಅಪ್ಪ ಅವ್ವನ್ನ ಜೇಲಿಗೆ ಹಾಕ್ತಾರೇನು? ಹುಡುಗಿನ್ನ ಎಲ್ಲಿಗರ ಒಯ್ದು ಇಟ್ಟುಬಿಡ್ತಾರೇನು?

ಹುನಗುಂದ ಕಡೆಯ ಪ್ರೌಢಶಾಲೆ ಶಿಕ್ಷಕಿ

ಅಕ್ಕಾ, ಹದಿನೆಂಟು ದಿನ ಇವೆ ಅಂದರೆ ನಿಮ್ಮ ಕೈಯಲ್ಲಿ ಬೇಕಾದಷ್ಟು ಇದೆ. ನನ್ನ ಹತ್ತಿರ ಒಂದೇ ರಾತ್ರಿ ಇತ್ತು.

ಮೂರು ವರ್ಷದ ಹಿಂದಿನ ಮಾತು. ಹತ್ತನೇ ತರಗತಿಯ ನನ್ನ ವಿದ್ಯಾರ್ಥಿನಿ. ಅರಿಶಿಣ ಹಚ್ಚಿದ ಮೇಲೆ ಆಕೆಯ ಗೆಳತಿ ಬಂದು ಹೇಳಿದಳು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ದಿನದ 24 ತಾಸೂ ಎತ್ತುತ್ತಾರೆ, ದುಡ್ಡು ಹೋಗುವುದಿಲ್ಲ. 2023ರಿಂದ ಅದನ್ನು ಸರ್ಕಾರವೇ ನಡೆಸುತ್ತಿದೆ, ಪೊಲೀಸರ 112ಕ್ಕೂ ಜೋಡಿಸಿದ್ದಾರೆ. ಊರು, ಓಣಿ, ಹುಡುಗಿಯ ಹೆಸರು, ಓದುವ ಶಾಲೆ, ಲಗ್ನ ಯಾವಾಗ, ಎಲ್ಲಿ, ಇಷ್ಟು ಕೇಳಿದರು. ನನ್ನ ಹೆಸರು ಹೇಳಲೇಬೇಕು ಅನ್ನಲಿಲ್ಲ. ಬೆಳಿಗ್ಗೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮೇಡಂ, ಪೊಲೀಸರು, ಪಂಚಾಯಿತಿಯ ಪಿಡಿಒ ಮೂವರೂ ಬಂದರು. ಹಂದರದಲ್ಲೇ ಕೂತು ತಂದೆ ತಾಯಿಯಿಂದ ಲಗ್ನ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡರು. ಫೋಟೊ ಆಯಿತು, ಚಹಾ ಆಯಿತು, ಜೀಪು ಹೋಯಿತು. ನಾನೂ ನಿರಾಳವಾಗಿ ಮನೆಗೆ ಬಂದೆ.

ಹನ್ನೆರಡನೇ ದಿನ ಹುಡುಗಿ ಶಾಲೆಗೆ ಬರಲಿಲ್ಲ. ಗಡಿ ಆಚೆ ಬೀಗರ ತೋಟದ ಮನೆಯಲ್ಲಿ ನಸುಕಿನಲ್ಲಿ ಅಕ್ಕಿಕಾಳು ಹಾಕಿ ಮುಗಿಸಿದ್ದರು. ಆಕೆಯ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಇನ್ನೂ ನನ್ನ ಕಪಾಟಿನಲ್ಲಿದೆ.

ಅದಕ್ಕೇ ಹೇಳುತ್ತೇನೆ, ಲಗ್ನದ ದಿನ ನಿಲ್ಲಿಸಿದ್ದು ಲೆಕ್ಕಕ್ಕಿಲ್ಲ. ಆಮೇಲಿನ ಮೂರು ತಿಂಗಳು ಯಾರು ನೋಡುತ್ತಾರೆ ಅನ್ನುವುದೇ ಲೆಕ್ಕ. ಎರಡನೇ ಸಲ ಇಂಥದ್ದು ಬಂದಾಗ ಹದಿನೈದು ದಿನ ಮೊದಲೇ ತಿಳಿಸಿದೆ, ಎರಡು ಮಾತು ಬಿಡದೆ ಕೇಳಿದೆ. ಒಂದು, ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಿ ಅಂತ. ಜಿಲ್ಲೆಗೊಂದು ಸಮಿತಿ ಇರುತ್ತದೆ, ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. 2015ರ ಬಾಲನ್ಯಾಯ ಕಾಯ್ದೆಯಲ್ಲಿ, ಮದುವೆಯ ಅಂಚಿಗೆ ಬಂದ ಮಗು ಪೋಷಣೆ, ರಕ್ಷಣೆ ಬೇಕಾದ ಮಗು ಅಂತಲೇ ಬರೆದಿದೆ. ಇನ್ನೊಂದು, ನ್ಯಾಯಾಲಯದಿಂದ ತಡೆಯಾಜ್ಞೆ ತನ್ನಿ ಅಂತ. ಮುಚ್ಚಳಿಕೆ ಮುರಿದರೆ ಬೈಗುಳ ತಿಂದು ಮುಗಿಯುತ್ತದೆ, ತಡೆಯಾಜ್ಞೆ ಮುರಿದರೆ ಜೈಲು. ಇದನ್ನು ಒಬ್ಬ ವಕೀಲರು ಆ ಹುಡುಗಿಯ ಅಪ್ಪನಿಗೆ ಬಿಡಿಸಿ ಹೇಳಿದ ಮೇಲೆ ಆತ ಮತ್ತೆ ಲಗ್ನದ ಮಾತು ತೆಗೆಯಲಿಲ್ಲ. ಜೊತೆಗೆ ನಾನು ಹಾಜರಿ ಹಿಡಿದು ಕೂತೆ. ಎರಡು ದಿನ ಬರಲಿಲ್ಲ ಅಂದರೆ ಮೂರನೇ ದಿನ ಸಿಡಿಪಿಒ ಕಚೇರಿಗೆ ಫೋನ್. ಅವರಿಗೆ ನನ್ನ ನಂಬರ್ ನೋಡಿದರೆ ತಲೆನೋವು ಬರುತ್ತಿತ್ತು, ಬರಲಿ ಬಿಡಿ.

ನಿಮ್ಮ ಮೂರನೇ ಅಂಜಿಕೆಗೆ: ಸಮಿತಿಯವರು ಹುಡುಗಿಯನ್ನೇ ಒಬ್ಬಳನ್ನೇ ಕೂರಿಸಿಕೊಂಡು ಕೇಳಿದರು. ಮನೆಗೆ ಕಳಿಸಿದರೆ ಲಗ್ನ ಮಾಡುತ್ತಾರೆ ಅಂದಳು. ಬಾಲಕಿಯರ ಬಾಲಮಂದಿರದಲ್ಲಿ ಕೆಲ ದಿನ ಇಟ್ಟು, ತಂದೆ ತಾಯಿಗೆ ತಿಳಿಹೇಳಿ ಮನೆಗೆ ಕಳಿಸಿದರು. ಕಿತ್ತುಕೊಂಡು ಹೋಗುವುದು ಅಂತ ಊರಲ್ಲಿ ಹೇಳುತ್ತಾರಲ್ಲ, ಹಾಗೇನೂ ಆಗಲಿಲ್ಲ. ಬಾಲಮಂದಿರದ ಅನ್ನ ಸಾರು ಸೇರಲಿಲ್ಲವಂತೆ, ರೊಟ್ಟಿ ಕೇಳಿ ಅತ್ತಳಂತೆ, ಅದೊಂದು ನಿಜ.

ಅಥಣಿ ಕಡೆಯ ಮಾಜಿ ಗ್ರಾಮ ಪಂಚಾಯಿತಿ ಸದಸ್ಯ

ತಂಗಿ, ಊರ ಹಿರಿಯರಿಗೆ, ದೈವದವರಿಗೆ ಹೇಳಿ ಬಗಿಹರಿಸೋಣು ಅಂತ ಯಾರರ ಅಂದ್ರ ಕೇಳಬ್ಯಾಡ. ನಾನೂ ಆ ಕಟ್ಟಿ ಮ್ಯಾಲೆ ಕೂತವನ, ಅದಕ್ಕ ಹೇಳ್ತೀನಿ. ಮುಂಜಾನೆ ಮಾತು ಕಟ್ಟಿಗೆ ಬಂದ್ರ ಮಧ್ಯಾಹ್ನಕ್ಕ ಆ ಮನಿಗೆ ಮುಟ್ಟಿರ್ತದ, ರಾತ್ರಿಗೆ ತಾರೀಖು ಬದಲಾಗಿರ್ತದ.

ವಯಸ್ಸಿನ ಕಾಗದದ್ದು ಒಂದು ಆಟ ಐತಿ. ಅಧಿಕಾರಿಗಳು ಬಂದ ಕೂಡ್ಲೆ ಆಧಾರ್ ಕಾರ್ಡ್ ತೋರಸ್ತಾರ, ಅದರಾಗ ವಯಸ್ಸು ಏರ್ಸಿರ್ತಾರ. ಕಾಯ್ದೆ ಪ್ರಕಾರ ಮೊದಲು ನೋಡೂದು ಸಾಲಿ ಜನ್ಮ ದಿನಾಂಕದ ದಾಖಲೆ. ಅದಿಲ್ಲಂದ್ರ ಪಂಚಾಯಿತಿ ಇಲ್ಲಾ ಪುರಸಭೆ ಜನನ ಪ್ರಮಾಣ ಪತ್ರ. ಎರಡೂ ಇಲ್ಲಂದ್ರ ಅಷ್ಟ ವೈದ್ಯಕೀಯ ಪರೀಕ್ಷೆ. ಹಿಂಗಾಗಿ ಫೋನ್ ಮಾಡುವಾಗ ಸಾಲಿ ಹೆಸರು ಹೇಳೂದು ಮರಿಬ್ಯಾಡ. ಹೆಡ್ ಮಾಸ್ತರರ ರಜಿಸ್ಟರ್ ಒಂದಿದ್ರ ಯಾವ ವಾದಾನೂ ನಿಲ್ಲೂದಿಲ್ಲ.

ಬಸವ ಜಯಂತಿ ಅಂದ್ರ ಅಕ್ಷಯ ತೃತೀಯ, ಮುಹೂರ್ತ ಕೇಳದ ಲಗ್ನ ಆಗೂ ದಿನ. ಹಿಂಗಂತನ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆದಾಗ ಆ ದಿನದ ಸಾಮೂಹಿಕ ಲಗ್ನ ತಡೆಯೂ ಅಧಿಕಾರ ನೇರ ಜಿಲ್ಲಾಧಿಕಾರಿಗೆ ಕೊಟ್ಟಾರ. ಎಲ್ಲಾ ಕಡೆ ಜೀಪು ಓಡಾಡೂ ದಿನ ಅದು. ಆವತ್ತಿನತನಕ ಕಾಯಬ್ಯಾಡ, ಈಗ ಹೇಳು.

ಜಮಖಂಡಿ ತಾಲೂಕಿನ ಸ್ಟಾಫ್ ನರ್ಸ್

ಜೇಲಿನ ಮಾತು ಕೇಳಿದ್ರಲ್ಲ, ಉಲ್ಟಾ ಹೇಳ್ತೀನಿ ಕೇಳ್ರಿ. ಲಗ್ನ ಆಗೂಕಿಂತ ಮೊದಲು ನಿಂತ್ರ ನಾನು ಕಂಡಂಗ ಮುಚ್ಚಳಿಕೆದಾಗ ಮುಗಿತದ. ಆದ ಮ್ಯಾಲೆ ಖರೆ ಕೇಸು ಸುರು ಆಗ್ತದ. ಲಗ್ನ ಮಾಡಿಸಿದವರಿಗೆ, ಅದಕ್ಕ ನಿಂತವರಿಗೆ 2 ವರ್ಷದತನಕ ಜೇಲು, 1 ಲಕ್ಷದತನಕ ದಂಡ ಅಂತ ಕಾಯ್ದೆ ಹೇಳ್ತದ.

ಅದಕ್ಕೂ ದೊಡ್ಡದು ನಮ್ಮ ದವಾಖಾನಿಗೆ ಬಂದಾಗ. ಹುಡುಗಿ ಬಸುರಾಗಿ ತಾಯಿ ಕಾರ್ಡ್ ಮಾಡ್ಸಾಕ ಬರ್ತಾಳ, ವಯಸ್ಸು ಕೇಳ್ತೀವಿ, 18 ಆಗಿರೂದಿಲ್ಲ. ಪೋಕ್ಸೊ ಕಾಯ್ದೆ, ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡಿಯೂ 2012ರ ಕಾಯ್ದೆ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅಂತದ. ತಿಳಿಸದಿದ್ರ ನಮಗ ಶಿಕ್ಷೆ. ಗಂಡ ಅಂತ ಬಿಡೂದಿಲ್ಲ. 2017ರಾಗ ಸುಪ್ರೀಂ ಕೋರ್ಟ್ 18ರ ಒಳಗಿನ ಹೆಂಡ್ತಿ ಇದ್ರೂ ಅದು ಅತ್ಯಾಚಾರನ ಅಂತ ಹೇಳಿ ಆಗೇದ. ಹೋದ ವರ್ಷ ಒಬ್ಬಾಕಿ ಬಂದಿದ್ಲು, ಹದಿನಾರು. ಆಕಿ ಅವ್ವ ನನ್ನ ಕಾಲು ಹಿಡಿದು, ಬಾಯಾರ ಹತ್ತೊಂಬತ್ತು ಅಂತ ಬರೀರಿ ಅಂತ ಅತ್ಲು. ಗಂಡ ಆಗಿದ್ದಾಂವ ಹುಡುಗಿ ಸೋದರಮಾವ. ಅಂದ್ರ ಜೇಲಿಗೆ ಹೋದಾಂವ ಆ ಅವ್ವನ ಸ್ವಂತ ತಮ್ಮ. ಈ ಲೆಕ್ಕ ಯಾರೂ ಲಗ್ನದ ಮುಂದ ಹಾಕೂದಿಲ್ಲ.

ಹುಡುಗಿ ಮೈಯಾಗ ರಕ್ತ ಎಷ್ಟಿತ್ತು, ಹೆರಿಗಿ ಹೆಂಗಾತು, ಅದನ್ನ ಬರಿಯಾಕ ಮನಸ್ಸಿಲ್ಲ.

ಇಂಡಿ ಕಡೆಯ ಕಬ್ಬಿನ ಗ್ಯಾಂಗಿನವ

ಎಲ್ಲಾರೂ ಕಾಯ್ದೆ ಹೇಳಿದ್ರಿ. ಆ ಅಪ್ಪ ಅವ್ವ ಯಾಕ ಹಂಗ ಮಾಡ್ತಾರ ಅಂತ ಯಾರೂ ಕೇಳಲಿಲ್ಲ. ದೀಪಾವಳಿ ಆದಕೂಡ್ಲೆ ನಾವು ಕಬ್ಬು ಕಡಿಯಾಕ ಹೋಗ್ತೀವಿ, ಬ್ಯಾಸಿಗಿತನಕ ಬರೂದಿಲ್ಲ. ಬೆಳದ ಹುಡುಗಿನ್ನ ಮನ್ಯಾಗ ಮುದುಕಿ ಕೈಯಾಗ ಬಿಟ್ಟು ಹೋಗೂದಾ, ಗುಡಿಸಲಕ್ಕ ಕರ್ಕೊಂಡು ಹೋಗೂದಾ? ಎರಡೂ ಅಂಜಿಕಿನ. ಅಂವ ನಮ್ಮ ಮನಿಯಾಂವ, ಕಣ್ಣಮುಂದ ಬೆಳದಾಂವ ಅಂತ ಸೋದರಮಾವಗ ಕೊಡ್ತಾರ. ನಾನೂ ನನ್ನ ದೊಡ್ಡ ಮಗಳಿಗೆ ಹಂಗ ಮಾಡಾವಿದ್ದೆ. ಆಕಿ ಸಾಲಿ ಗುರುಗಳು ಹಿಂದುಳಿದ ವರ್ಗದ ಹಾಸ್ಟೆಲಿಗೆ ಅರ್ಜಿ ತುಂಬಿ ಕೊಟ್ರು, ಸೀಟು ಸಿಕ್ತು. ನನ್ನ ಅಂಜಿಕಿ ಅಲ್ಲಿಗೆ ಮುಗೀತು. ಅಧಿಕಾರಿಗಳು ಬಂದಾಗ ಬರೇ ಹೆದ್ರಿಸಿ ಹೋಗಬಾರದು, ಹಾಸ್ಟೆಲ್ ಅರ್ಜಿ ಕೈಯಾಗ ಹಿಡ್ಕೊಂಡು ಬರಬೇಕು. ಇದನ್ನ ಫೋನಿನಾಗ ಹೇಳ್ರಿ ಅಕ್ಕಾರ.

ಮತ್ತ ಒಂದು. ಹುಡುಗಿ ಹೆಸರಲೆ ಭಾಗ್ಯಲಕ್ಷ್ಮಿ ಬಾಂಡ್ ಐತೇನು ನೋಡ್ರಿ. ಬಿಪಿಎಲ್ ಮನಿಯಾಗ 2006ರ ಏಪ್ರಿಲ್‌ದಿಂದ ಮುಂದ ಹುಟ್ಟಿದ ಹುಡುಗ್ಯಾರಿಗೆ ಇರ್ತಿತ್ತು. ಈಕಿ ವಯಸ್ಸಿನವರಿಗೆ 18ಕ್ಕ ಸುಮಾರು 1 ಲಕ್ಷ ಬರ್ತದ, ಅದರೊಳಗ ಲಗ್ನ ಆದ್ರ ಹೋತು. ನಮ್ಮನ್ಯಾಗ ಬಾಂಡ್ ಟ್ರಂಕಿನಾಗಿಂದ ತೆಗೆದು ತೋರಿಸಿದಾಗನ ನಮ್ಮ ಮುದುಕಿ ಸುಮ್ಮಾತು.

ಗೋಕಾಕದ ಇನ್ನೊಬ್ಬ ಹೊಲಿಗಿಯಾಕಿ

ಅಕ್ಕಾ, ಜಂಪರ್ ಕತ್ತರಿಸಬ್ಯಾಡ್ರಿ. ಮಿಷನ್ ಕೆಟ್ಟೈತಿ, ಕರೆಂಟ್ ಇಲ್ಲ, ಅಸ್ತರ ಸಿಗವಲ್ದು, ಏನರ ಹೇಳ್ರಿ. ಮತ್ತ ಫೋನ್ ಮಾಡುವಾಗ ನೆಟ್ವರ್ಕ್ ಸಿಗೂದಿಲ್ಲಂತ ಮಾಳಗಿ ಮ್ಯಾಲೆ ನಿಂತು ಒದರಬ್ಯಾಡ್ರಿ.

ಕೇಳಿದಾಕಿ, ಆರು ದಿನದ ಮ್ಯಾಲೆ

ಎಲ್ಲಾರಿಗೂ ಶರಣು. ಸಂತಿಗೆ ಸಿಂದಗಿಗೆ ಹೋದಾಗ ಅಲ್ಲಿಂದ 1098ಕ್ಕ ಫೋನ್ ಮಾಡಿದೆ. ಸಾಲಿ ಹೆಸರು, ಹಾಸ್ಟೆಲ್ ಮಾತು, ಸಮಿತಿ ಮುಂದ ಹಾಜರು ಮಾಡೂದು, ಎಲ್ಲಾ ಚೀಟಿ ಬರಕೊಂಡು ಹೋಗಿ ಓದಿದೆ. ಮೂರನೇ ದಿನ ಬಂದ್ರು. ಸಾಲಿ ರಜಿಸ್ಟರ್ ನೋಡಿಕೊಂಡ ಬಂದಿದ್ರು, ಹುಡುಗಿಗೆ ಹದಿನೈದಕ್ಕ ಎರಡು ತಿಂಗಳು ಕಡಿಮಿ. ಅಪ್ಪ ಅವ್ವನ್ನ ಹುಡುಗಿ ಜೋಡಿ ವಿಜಯಪುರಕ್ಕ ಸಮಿತಿ ಮುಂದ ಕರೆದಿದ್ರು, ಹೋಗಿ ಬಂದಾರ. ತಡೆಯಾಜ್ಞೆದು ಇನ್ನೂ ಆಗಿಲ್ಲ, ಕೇಳ್ಯಾರಂತ. ಹುಡುಗಿ ನಿನ್ನೆಯಿಂದ ಸಾಲಿಗೆ ಬರಾಕತ್ತಾಳ ಅಂತ ನನ್ನ ಮಗಳು ಹೇಳಿದ್ಲು. ಬರದಿದ್ದ ದಿನ ಬಂದು ಹೇಳು ಅಂತ ಆಕಿಗೆ ಹೇಳಿಟ್ಟೀನಿ.

ಓಣ್ಯಾಗ ಮಾಸ್ತರರ ಹೇಳ್ಯಾರ ಅಂತ ಮಾತು ಹೊಂಟೈತಿ. ಪಾಪ, ಅವರಿಗೆ ಏನೂ ಗೊತ್ತಿಲ್ಲ.

ಈಗ ಒಂದು ತಿಳಿವಲ್ದು. ಐದು ಜಂಪರ್ ಪೀಸು, ಅಡ್ವಾನ್ಸ್ 500 ರೂಪಾಯಿ ನನ್ನ ಹತ್ರನ ಅದಾವ. ಆ ಅಕ್ಕಾರು ಕೇಳಾಕ ಬಂದಿಲ್ಲ. ನಾನ ಒಯ್ದು ಕೊಟ್ರ, ಈಕಿಗೆ ಹೆಂಗ ಗೊತ್ತಾತು ಲಗ್ನ ನಿಂತದ್ದು ಕಾಯಂ ಅಂತ ಅನ್ನಂಗಿಲ್ಲೇನು?