‘ಒಂದೇ ಕೋಶದ ಆಯ್ಕೆ’: ಇಲ್ಲಿ ‘ಒಂದೇ’ ಸರಿಯಾ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಯಶವಂತಪುರ ಯಾರ್ಡಿನ ಈರುಳ್ಳಿ ಮಂಡಿಗಳಿಗಾಗಿ ಒಂದು ಲೆಕ್ಕದ ತಂತ್ರಾಂಶವನ್ನು ಕನ್ನಡಕ್ಕೆ ತರುತ್ತಿದ್ದೇವೆ. ಪರದೆ ತುಂಬ ಒಂದು ಕೋಷ್ಟಕ: ಲಾಟು, ಚೀಲ, ತೂಕ, ದರ. ಗುಮಾಸ್ತರು ದರದ ಕೋಶ (ಕೋಷ್ಟಕದ ಒಂದು ಚೌಕ, ಇಂಗ್ಲಿಷಿನ ಸೆಲ್) ಒತ್ತಿದರೆ ಅದಕ್ಕೆ ಮಾತ್ರ ಬಣ್ಣ ಬರಬೇಕು, ಇಡೀ ಸಾಲಿಗಲ್ಲ. ಈ ಸೆಟ್ಟಿಂಗಿಗೆ ‘ಒಂದೇ ಕೋಶದ ಆಯ್ಕೆ’ ಅಂತ ಹೆಸರಿಟ್ಟಿದ್ದಾರೆ.

‘ಒಂದೇ’ಗೆ ಎರಡು ಅರ್ಥ ಇದೆ ಅಲ್ವಾ? ‘ಒಂದೇ ಚೀಲ ಇದೆ’ ಅಂದರೆ ಎರಡನೆಯದಿಲ್ಲ. ‘ಇಬ್ಬರದೂ ಒಂದೇ ಊರು’ ಅಂದರೆ ಅದೇ ಊರು. ‘ಒಂದೇ ಕೋಶವನ್ನು ಆರಿಸಿದ್ದೀರಿ’ ಅಂತ ಪರದೆ ಹೇಳಿದರೆ, ಮತ್ತೆ ಅದನ್ನೇ ಒತ್ತಿಬಿಟ್ಟೆನಾ ಅಂದುಕೊಳ್ಳುವವರೂ ಇರುತ್ತಾರೆ.

ಇನ್ನೊಂದು ತೊಡಕು ಇದಕ್ಕಿಂತ ಜಾಸ್ತಿ. ಜಾವಾ ಭಾಷೆಯಲ್ಲಿ ಪರದೆಗಳನ್ನು ಕಟ್ಟುವ ಸಲಕರಣೆ ಸ್ವಿಂಗ್; ಅದರಲ್ಲಿ ಕೋಷ್ಟಕ ತೋರಿಸುವ ಜೇಟೇಬಲ್‌ನಲ್ಲಿ ‘ಎಷ್ಟು ಆರಿಸಬಹುದು’ ಬೇರೆ, ‘ಏನನ್ನು ಆರಿಸಬಹುದು’ ಬೇರೆ. ಸಿಂಗಲ್ ಸೆಲೆಕ್ಷನ್ ಅಂತ ಇಟ್ಟರೂ ಇಡೀ ಸಾಲಿಗೇ ಬಣ್ಣ ಬರುತ್ತದೆ, ಏಕೆಂದರೆ ಅದು ಹುಟ್ಟಾ ಸಾಲನ್ನೇ ಆರಿಸುವಂಥದ್ದು. ಸೆಲ್ ಸೆಲೆಕ್ಷನ್ನನ್ನು ಬೇರೆಯಾಗಿ ಆನ್ ಮಾಡಬೇಕು. ಅದನ್ನಷ್ಟೇ ಆನ್ ಮಾಡಿ ‘ಎಷ್ಟು’ ಅನ್ನುವುದನ್ನು ಮೊದಲಿದ್ದಂತೆ ‘ಹಲವು’ ಅಂತಲೇ ಬಿಟ್ಟರೆ ಇನ್ನೊಂದು ತಮಾಷೆ. ಕಂಟ್ರೋಲ್ ಕೀಲಿ ಹಿಡಿದು ಓರೆಯಾಗಿರುವ ಎರಡು ಕೋಶ ಒತ್ತಿದರೆ ನಾಲ್ಕಕ್ಕೆ ಬಣ್ಣ ಬರುತ್ತದೆ! ಜೇಟೇಬಲ್ ಆರಿಸಿದ ಅಡ್ಡಸಾಲುಗಳನ್ನೂ ಕಂಬಸಾಲುಗಳನ್ನೂ ಬೇರೆಬೇರೆ ನೆನಪಿಟ್ಟು, ಅವು ಕೂಡುವ ಕಡೆಯೆಲ್ಲ ಬಣ್ಣ ಬಳಿಯುತ್ತದೆ. ಪರದೆ ಕಟ್ಟುವ ಇನ್ನೊಂದು ಸಲಕರಣೆ ಕ್ಯೂಟಿಯಲ್ಲೂ ‘ಎಷ್ಟು’, ‘ಏನನ್ನು’ ಎಂಬ ಎರಡಕ್ಕೆ ಎರಡು ಸೆಟ್ಟಿಂಗ್ ಇವೆ.

ಹಾಗಾಗಿ ಎರಡನ್ನೂ ಒಂದೇ ಹೆಸರಿನಲ್ಲಿ ತುರುಕದೆ ‘ಆರಿಸುವುದು: ಕೋಶ’, ‘ಒಂದು ಸಲಕ್ಕೆ: ಒಂದು’ ಅಂತ ಬಿಡಿಸಿ ಬರೆಯೋಣ ಅನ್ನುವುದು ನನ್ನ ವಾದ. ಉದ್ದವಾಯಿತು ಅಂತ ಜೊತೆಯವರು ಗೊಣಗುತ್ತಿದ್ದಾರೆ. ‘ಕೋಶ’ದ ಬದಲು ಚೌಕಾಬಾರದ ‘ಮನೆ’ ನನಗೆ ಇಷ್ಟವೇ. ಆದರೆ ‘ದರದ ಮನೆ’ ಅಂದರೆ ಮಂಡಿಯವರು ನಕ್ಕುಬಿಡುತ್ತಾರೆ.

ಕೊನೆಗೆ ನನಗೆ ದಾರಿ ಕಾಣದಿರುವುದು ಇದು. ಆರಿಸಿದ ಕೋಶವನ್ನು ಕಂಟ್ರೋಲ್ ಹಿಡಿದು ಮತ್ತೆ ಒತ್ತಿದರೆ ಬಣ್ಣ ಹೋಗುತ್ತದೆ, ಸುತ್ತಲಿನ ಗೆರೆ ಮಾತ್ರ ಉಳಿಯುತ್ತದೆ. ಬಾಣದ ಕೀಲಿ ಒತ್ತಿದರೆ ಅಲ್ಲಿಂದಲೇ ಮುಂದಕ್ಕೆ ಹೋಗುತ್ತದೆ. ಅಂದರೆ ಅದು ‘ಆರಿಸಿದ ಕೋಶ’ ಅಲ್ಲ, ಆದರೂ ನಾವು ಇರುವುದು ಅಲ್ಲೇ. ‘ಸಕ್ರಿಯ ಕೋಶ’ ಅಂದರೆ ಯಾರಿಗೂ ತಿಳಿಯುವುದಿಲ್ಲ. ‘ಈಗಿರುವ ಕೋಶ’ ಅಂದರೆ ಉಳಿದವು ಇಲ್ಲವೇ ಅನ್ನಿಸುತ್ತದೆ. ‘ನಿಂತಿರುವ ಕೋಶ’ ಹೇಗೆ? ಕನ್ನಡದಲ್ಲೇ ಖಾತೆ ಪುಸ್ತಕ ಬರೆದವರು ಇಲ್ಲಿದ್ದರೆ, ಬರೆಯುತ್ತಾ ಕೈ ನಿಂತ ಜಾಗಕ್ಕೆ ಏನನ್ನುತ್ತಿದ್ದಿರಿ ತಿಳಿಸಿ.